ಗಾರ್ಡೋನಿಗೆ ಮೊದಲ ಪೆಟ್ಟು

ಊರ್ಮಿಳಾ ಎತ್ತಿದ ಕೋಲು ಗಾಳಿಯಲ್ಲೇ ನಿಂತಿತು. ಎದುರಿಗಿದ್ದದ್ದು ಹಂಗೇರಿಯನ್ ಜನಪದರ ಗಾರ್ಡೋನ್. ದೊಡ್ಡ ಪಿಟೀಲಿನಂತಿರುವ ಚೆಲ್ಲೋವನ್ನು ಒರಟಾಗಿ ಕಡೆದಂಥ ಆ ವಾದ್ಯದ ತಂತಿಗಳಿಗೆ ಕೋಲಿನಿಂದ ಹೊಡೆದು ತಾಳ ಹಿಡಿಯುತ್ತಾರೆ. ಅಮೆರಿಕದ ಎಲಿಕಾಟ್ ಸಿಟಿಯ ಒಂದು ಮನೆಯ ಬೇಸ್‌ಮೆಂಟಿನಲ್ಲಿ, ಕ್ಯಾಸೆಟ್ಟುಗಳ ರಾಶಿಯ ನಡುವೆ, ಆ ಮನೆಯ ಹಂಗೇರಿಯನ್ ವಾದಕ ಗಾಬೋರ್ ಪಿಟೀಲು ಹಿಡಿದು, ಅವನ ಗೆಳೆಯ ಎಲೆಕ್ಟ್ರಿಕ್ ಗಿಟಾರ್ ಹಿಡಿದು ಕಾಯುತ್ತಿದ್ದರು. ಅವಳ ಕೈ ಅವರಿಗೆ ಒಪ್ಪಿಗೆಯಾದರೆ ಶನಿವಾರದ ಸಂಗೀತ ಕಚೇರಿಗೆ ಅವಳೂ ಅವರ ಬ್ಯಾಂಡಿನವಳು. ಮಗು ಹುಟ್ಟಿದ ಮೇಲೆ ಅವಳು ವೇದಿಕೆ ಹತ್ತಿರಲೇ ಇಲ್ಲ.

"ಹೊಡಿಯೇ, ನಾನೇ ಅಂದ್ಕೊಂಡು ಹೊಡಿ!" ಎಂದ, ಮಗುವನ್ನೆತ್ತಿಕೊಂಡು ಮೆಟ್ಟಿಲ ಮೇಲೆ ಕೂತಿದ್ದ ಗಂಡ ಕೃಷ್ಣಪ್ರಸಾದ.

"ಸುಮ್ನಿರಿ. ಇದಕ್ಕೂ ತಂತಿ ಇದೆ, ನನ್ನ ವೀಣೆ ತರಾನೇ. ಕಾಲು ತಾಗಿದ್ರೆ ಕಣ್ಣಿಗೊತ್ಕೊಳ್ಳೋಳು, ಕೋಲಲ್ಲಿ ಹೇಗ್ರೀ ಹೊಡೀಲಿ? ಸಾರಿ ಹೇಳ್ಬಿಟ್ಟು ಹೋಗೋಣ."

ಅವಳು ಕೋಲು ಕೆಳಗಿಟ್ಟಾಗ ಮಗು ಅತ್ತಿತು. ಗಂಡನ ಕೈಯಿಂದ ಎತ್ತಿ ಹೆಗಲಿಗೆ ಹಾಕಿಕೊಂಡು ಬೆನ್ನು ತಟ್ಟತೊಡಗಿದಳು. ಗಾಬೋರ್ ಪಿಟೀಲಿನ ಮೇಲೆ ಕಮಾನು ಎಳೆದ. ದೂರದ ಬಯಲಿನಲ್ಲಿ ಯಾರೋ ಕುರಿಗಳನ್ನು ಕರೆಯುತ್ತಿರುವಂಥ ರಾಗ. ಗಿಟಾರ್ ಅದರ ಹಿಂದೆಯೇ ನೀರಿನಂತೆ ಹರಿಯಿತು. ಅಳು ಇಳಿದು ಮಗುವಿನ ಉಸಿರು ಹಗುರಾದಂತೆ ಅವಳು ತಟ್ಟುವುದನ್ನು ನಿಧಾನಿಸಿದಳು. ರಾಗವೂ ನಿಧಾನಿಸಿತು. ತಲೆಯೆತ್ತಿ ನೋಡಿದರೆ ವಾದಕರಿಬ್ಬರ ಕಣ್ಣೂ ತಾಳಕ್ಕಾಗಿ ಅವಳ ಅಂಗೈಯ ಮೇಲಿತ್ತು.

ನಿದ್ದೆಹೋದ ಮಗುವನ್ನು ಗಂಡನ ತೋಳಿಗೆ ಜಾರಿಸಿ, ಆ ಲಯ ಇನ್ನೂ ಕೈಯಲ್ಲಿರುವಾಗಲೇ ಅವಳು ಕೋಲೆತ್ತಿಕೊಂಡು ತಂತಿಗಳನ್ನು ತಟ್ಟಿದಳು. ಮರದೊಳಗಿಂದ ಗುಂಯ್ ಎಂದು ದನಿಯೆದ್ದು ಕೋಣೆ ತುಂಬಿತು. ಮಗು ಏಳಲಿಲ್ಲ.