ಎದೆಮಟ್ಟದ ಅಳತೆ

ಮರದ ಗಾಳಿ ಸಾಲದ ಬೀದಿಗಳಿಗೆ ಆಮ್ಲಜನಕದ ಸಿಲಿಂಡರ್ ಹಂಚುವ ಉಸಿರು ಇಲಾಖೆಯ ಸರ್ವೆಯರ್ ಚಂದ್ರಕೀರ್ತಿ, ಬೆನ್ನಿನ ಸಿಲಿಂಡರಿನ ಮಾಸ್ಕ್ ಸರಿಪಡಿಸಿಕೊಂಡು, ಬೀದಿಯ ಪೈನ್ ಮರದ ಕಾಂಡಕ್ಕೆ ಎದೆಮಟ್ಟದಲ್ಲಿ ಟೇಪು ಸುತ್ತಿದ. ತಲೆ ಎತ್ತಿ ಮೇಲೆ ನೋಡಲೇ ಇಲ್ಲ. ಪ್ರತಿ ವರ್ಷವೂ ಅವನದು ಇದೇ ಪರಿ.

“ಕಾಂಡದ ಸುತ್ತಳತೆಯನ್ನ ಸಮೀಕರಣಕ್ಕೆ ಹಾಕಿದ್ರೆ ಮೇಲಿನ ಕೊಂಬೆ, ಸೂಜಿಯೆಲೆ ಎಲ್ಲ ಸೇರಿ ಮುನ್ನೂರ ಹನ್ನೆರಡು ಕಿಲೊ. ಇಡೀ ಬೀದಿಗೆ ಸಾಕಾಗೋವಷ್ಟು ಗಾಳಿ. ಈ ವರ್ಷ ನಿಮಗೆ ಸಿಲಿಂಡರ್ ಇಲ್ಲ.”

ಮರದೆದುರಿನ ಮನೆ ಬಾಗಿಲಲ್ಲಿ ನಿಂತಿದ್ದ ತಿಪ್ಪಕ್ಕನಿಗೆ ಮೈಯೆಲ್ಲ ಉರಿದುಹೋಯಿತು. ಮನೆಯೊಳಗೆ ಅವಳ ಬಾಣಂತಿ ಮಗಳು ಉಳಿದಿದ್ದ ಒಂದೇ ಸಿಲಿಂಡರಿಗೆ ಮೂಗು ಹಚ್ಚಿ ಮಲಗಿದ್ದಳು.

“ಕತ್ತೆತ್ತಿ ನೋಡ್ರೀ ಸ್ವಾಮಿ! ಯುಗಾದಿ ಹೊತ್ತಿನ ಬಿರುಗಾಳಿಗೆ ಮುಕ್ಕಾಲು ಕೊಂಬೆ ಮುರಿದು ಬಿದ್ದವು. ಬಿದ್ದಿದ್ದನ್ನೆಲ್ಲ ನಾನೇ ತಕ್ಕಡೀಲಿ ತೂಗಿದೀನಿ. ಇನ್ನೂರ ನಲವತ್ತು ಕಿಲೊ!”

“ಕಾಂಡ ಮುರಿದಿಲ್ವಲ್ಲಮ್ಮ. ನಾವು ಅಳೆಯೋದು ಕಾಂಡಾನ. ನೂರು ಮರದ ಸರಾಸರಿ ತಗೊಂಡ್ರೆ ಈ ಸಮೀಕರಣ ಐದು ಕಿಲೊನೂ ಆಚೀಚೆ ಆಗಲ್ಲ.”

“ನಮ್ಮ ಬೀದೀಲಿರೋದು ಒಂದೇ ಮರ ಕಣ್ರೀ!”

ಅವನು ಕಿವಿಗೇ ಹಾಕಿಕೊಳ್ಳದೆ ಬರೆಯತೊಡಗಿದ. ತಿಪ್ಪಕ್ಕ ಟೇಪು ಕಿತ್ತುಕೊಂಡು ಅವನ ಎದೆಗೇ ಸುತ್ತಿ ಬಿಗಿದಳು.

“ನಲವತ್ತೆರಡು ಇಂಚು. ಇಷ್ಟು ದೊಡ್ಡ ಎದೆ ಇದ್ಮೇಲೆ ಒಳಗೆ ಸಂಜೆವರೆಗೂ ಆಗೋವಷ್ಟು ಉಸಿರು ಇರ್ಲೇಬೇಕು, ಅಲ್ವಾ?” ಎನ್ನುತ್ತ ಅವನ ಮಾಸ್ಕ್ ಕಳಚಿ, ಬೆನ್ನಿನ ಸಿಲಿಂಡರ್ ಬಿಚ್ಚಿಕೊಂಡು ಒಳಗೆ ನಡೆದಳು.

ಚಂದ್ರಕೀರ್ತಿ ಬಾಯಿ ಬಾಯಿ ಬಿಡುತ್ತ, ಮೊದಲ ಸಲ ಕತ್ತೆತ್ತಿ ಮರದ ತುದಿ ನೋಡಿದ.