ದೊಡ್ಡ ಕಣ್ಣಿನ ಅವ್ವ

ಅದು ಮಧ್ಯಾಹ್ನವೇ ಆಗಿತ್ತೇ? ಖಾತ್ರಿಯಿಲ್ಲ. ಈಗಲೂ ತಂಬಾಕಿನ ಘಾಟು ಮೂಗಿಗೆ ಬಡಿದರೆ ನಿಪ್ಪಾಣಿಯ ನಮ್ಮ ಪಡಸಾಲೆ ನೆನಪಾಗುತ್ತದೆ. ಅಕ್ಕ ರದ್ದಿಯಲ್ಲಿ ಸಿಕ್ಕ ಜಪಾನಿನ ಕಾಮಿಕ್ಸ್ ನೋಡಿ, ಬೀಡಿ ಕಟ್ಟುವ ಅವ್ವನನ್ನು ಅದೇ ದೊಡ್ಡ ಕಣ್ಣಿಟ್ಟು ಬರೆದಿದ್ದಳು. ಅವಳನ್ನು ಕೊಲ್ಹಾಪುರದ ಚಿತ್ರಕಲಾ ಶಾಲೆಗೆ ಕಳಿಸಬಹುದೇ ಎಂದು ಡ್ರಾಯಿಂಗ್ ಮಾಸ್ತರರಾದ ಕಾಕಾ ಹೇಳಬೇಕಿತ್ತು.

“ನಿಮ್ಮವ್ವಗ ಎಮ್ಮಿ ಕಣ್ಣ ಹಚ್ಚೀದಿ. ಬರೇ ನಕಲ ಇದು!” ಎಂದರು ಕಾಕಾ. ನಾನು ನಕ್ಕೆ.

“ಜಪಾನದವರೂ ಈ ಕಣ್ಣ ಅಮೆರಿಕಾದವರನ್ನ ನೋಡೇ ಕಲ್ತಾರ್ರಿ. ಅವರದು ಕಲೆ, ನಂದಷ್ಟ ನಕಲೇನ್ರಿ?” ಎಂದಳು ಅಕ್ಕ.

“ನಕಲ ಮಾಡೂದಾದ್ರ ನನ್ನ ಕೈ ನೋಡಿ ಮಾಡು,” ಎನ್ನುತ್ತ ಅವ್ವ, ಬೀಡಿ ಎಲೆ ಕತ್ತರಿಸುವ ಅಳತೆಯ ತಗಡನ್ನು ಅವಳ ಮುಂದೆ ತಳ್ಳಿದಳು. ಅಕ್ಕ ಮತ್ತೆ ಚಿತ್ರ ಬರೆಯಲಿಲ್ಲ.

ನಾನು ನಕ್ಕಿದ್ದು ನಿಜ. ಅಕ್ಕ ಆ ಪ್ರಶ್ನೆ ಕೇಳಿದ್ದಳೋ, ನಾನೇ ಆಮೇಲೆ ಅವಳ ಬಾಯಲ್ಲಿ ಇಟ್ಟೆನೋ, ಗೊತ್ತಿಲ್ಲ.