ಹದಿನೇಳನೆಯ ಜಾಕೆಟ್ಟು

ಜಾಕೆಟ್ಟು ಬಲಕ್ಕೆ ತಿರುಗಿತು. ಜಿಪ್ಪಣ್ಣನೂ ತಿರುಗಿದ.

ಜಾಕೆಟ್ಟು ತಾನಾಗಿ ನಡೆಯುವುದಿಲ್ಲ, ಒಳಗೆ ಯಾರೋ ಇರಲೇಬೇಕು ಎಂಬುದು ಅವನಿಗೂ ಗೊತ್ತಿತ್ತು. ಆದರೆ ಒಳಗಿನವರು ಅವನ ವಿಷಯವಲ್ಲ. ಬೈಕ್ ಸವಾರರ ಹಳೆಯ ಚರ್ಮದ ಜಾಕೆಟ್ಟುಗಳನ್ನು ಗುರುತಿಸುವುದರಲ್ಲಿ ಅವನದು ಎತ್ತಿದ ಕೈ. ಎದುರಾದವರ ಕಾಲರನ್ನು ಮಾತಾಡಿಸಿ ಮುಂದೆ ಹೋಗುವ ಅಭ್ಯಾಸ. ಹಳೆ ಸಾಮಾನಿನ ಬೀದಿಯವರು ಅವನಿಗೆ ಜಿಪ್ಪಣ್ಣ ಎಂದು ಹೆಸರಿಟ್ಟಿದ್ದರು. ಅದು ಹೊಗಳಿಕೆಯೆಂದೇ ಅವನು ತಿಳಿದಿದ್ದ.

ಇಪ್ಪತ್ತು ಹೆಜ್ಜೆ ದೂರದಿಂದಲೇ ಎಲ್ಲ ಅಂದಾಜು ಮಾಡಿದ್ದ. ಕುದುರೆ ಚರ್ಮ, ಹಸುವಿನದಲ್ಲ; ಮಡಿಕೆ ದಪ್ಪ, ಹೊಳಪು ಗಡಸು. ಬೆನ್ನಿಗೆ ಅರ್ಧ ಬೆಲ್ಟು. ಬಲ ಮೊಣಕೈಗೆ ಕೈಹೊಲಿಗೆಯ ತೇಪೆ. ಎಪ್ಪತ್ತು ವರ್ಷದ ಹಿಂದೆ ಒಬ್ಬ ಮುಂಗೋಪಿ ದರ್ಜಿ ಇಂಥ ಜಾಕೆಟ್ಟುಗಳನ್ನು ನಲವತ್ತೇ ಹೊಲಿದು, ಸಾಕೆನಿಸಿ ಅಂಗಡಿ ಮುಚ್ಚಿದ್ದನಂತೆ. ಅವುಗಳಲ್ಲಿ ಉಳಿದಿರುವುದು ಒಂದೇ ಎಂದು ಬಲ್ಲವರ ಅಂಬೋಣ. ಹದಿನೆಂಟು ವರ್ಷದಿಂದ ಜಿಪ್ಪಣ್ಣನಿಗೆ ಅದರದೇ ಧ್ಯಾನ. ತುತ್ತು ಬಾಯಿಗಿಡುವಾಗಲೂ ಕ್ಯಾಟಲಾಗಿನಿಂದ ಕಣ್ಣು ಕೀಳುತ್ತಿರಲಿಲ್ಲ. ಅದೊಂದು ಸಿಕ್ಕರೆ ಅವನ ಸಂಗ್ರಹ ಪೂರ್ತಿಯಾಗುತ್ತಿತ್ತು. ಸಿಗದಿದ್ದರೆ ಬದುಕಿದ್ದೇ ದಂಡ.

ಆದರೂ ಒಂದು ಅನುಮಾನ ಕೊರೆಯುತ್ತಿತ್ತು. ಅವನು ಹಿಂದುಳಿದಾಗಲೆಲ್ಲ ಜಾಕೆಟ್ಟು ಯಾವುದಾದರೊಂದು ಅಂಗಡಿಯ ಗಾಜಿನ ಮುಂದೆ ನಿಲ್ಲುತ್ತಿತ್ತು. ಹತ್ತಿರವಾದ ಕೂಡಲೇ ಹೊರಡುತ್ತಿತ್ತು. ಸಿಗ್ನಲ್ಲಿನಲ್ಲಂತೂ ಅವನಿಗಾಗಿಯೇ ಕಾದ ಹಾಗಿತ್ತು. ಇದು ಗುಂಡಿ ಮೇಷ್ಟ್ರ ಕಿತಾಪತಿಯೇ ಸರಿ. ಮೇಷ್ಟ್ರೂ ಜಾಕೆಟ್ಟು ಸಂಗ್ರಹಿಸುವವರು. ಹೋದ ವರ್ಷ ಹೊಸ ಜಾಕೆಟ್ಟನ್ನು ಚಹಾದಲ್ಲಿ ನೆನೆಸಿ, ಹಳೆಯದೆಂದು ಇವನ ತಲೆಗೆ ಕಟ್ಟಿ, ಸಂಗ್ರಹಕಾರರ ಸಂಘದ ಸಭೆಯಲ್ಲಿ ಎಲ್ಲರೆದುರು ಮಾನ ಕಳೆದಿದ್ದರು. ಈ ಸಲ ಬೇಸ್ತು ಬೀಳಬಾರದು. ಗಡಿಯಾರ ರಿಪೇರಿಯವರು ಕಣ್ಣಿಗೆ ಸಿಕ್ಕಿಸಿಕೊಳ್ಳುವಂಥ ಭೂತಗನ್ನಡಿ ಜೇಬಿನಲ್ಲಿತ್ತು. ಅದನ್ನೊಮ್ಮೆ ಮುಟ್ಟಿ ನೋಡಿಕೊಂಡ.

ಜಾಕೆಟ್ಟು ಒಂದು ಮನೆಯ ಮೆಟ್ಟಿಲು ಹತ್ತಿತು. ಇವನೂ ಹತ್ತಿದ. ಕಣ್ಣು ಅರ್ಧ ಬೆಲ್ಟಿನ ಮೇಲಿತ್ತು; ಕಾಲು ತನ್ನಷ್ಟಕ್ಕೆ ತಾನೇ ಸಡಿಲವಾದ ಮೂರನೆಯ ಮೆಟ್ಟಿಲನ್ನು ಬಿಟ್ಟು ನಾಲ್ಕನೆಯದರ ಮೇಲೆ ಬಿತ್ತು. ಬಾಗಿಲಲ್ಲಿ ಮಲಗಿದ್ದ ನಾಯಿ ಒಂದು ಕಣ್ಣು ತೆರೆದು, ಇವನನ್ನು ನೋಡಿ, ಮತ್ತೆ ಮುಚ್ಚಿತು. ಜಾಕೆಟ್ಟು ಒಳಗೆ ಹೋಗಿ ಕಿಟಕಿಯ ಕಡೆ ತಿರುಗಿ ಸ್ಟೂಲಿನ ಮೇಲೆ ಕೂತಿತು.

ಜಿಪ್ಪಣ್ಣ ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು ಅದರ ಬೆನ್ನ ಹಿಂದೆ ಮಂಡಿಯೂರಿದ. ಯಾರ ಅಪ್ಪಣೆಯನ್ನೂ ಕೇಳಲಿಲ್ಲ. ಅಂಥ ಜಾಕೆಟ್ಟು ಮೂಗಿನ ತುದಿಯಲ್ಲಿರುವಾಗ ಮರ್ಯಾದೆ ಗಿರ್ಯಾದೆ ಯಾರಿಗೆ ನೆನಪಾಗುತ್ತದೆ?

ಅಡುಗೆಮನೆಯಿಂದ ಮನೆಯಾಕೆ ಬಂದಳು. ಗಾಬರಿಯೇನೂ ಆಗಲಿಲ್ಲ. ನೀರು ತರಲೇ ಎಂದು ಕೇಳಿದಳು. ನೀರು ಬೇಡ, ಬೆಳಕು ಬೇಕು ಎಂದ ಇವನು, ತಲೆಯೆತ್ತದೆ. ಆಕೆ ದೀಪ ಹಾಕಿದಳು.

“ಕ್ಷಮಿಸಿ ಮೇಡಂ, ಇದರ ಬೆಲೆ ನಿಮಗೆ ಗೊತ್ತಿರಲಿಕ್ಕಿಲ್ಲ,” ಎಂದ ಜಿಪ್ಪಣ್ಣ, ಹೊಲಿಗೆಯನ್ನು ನೋಡುತ್ತಲೇ.

“ನನಗೆ ಗೊತ್ತಿರೋಷ್ಟು ಇನ್ಯಾರಿಗೂ ಗೊತ್ತಿಲ್ಲ ಬಿಡಿ,” ಎಂದಳು ಆಕೆ.

ದಾರ ನೂಲಿನದು, ನೈಲಾನಲ್ಲ. ತೋಳಿನ ಜಿಪ್ಪು ಹಿತ್ತಾಳೆಯದು, ಹಲ್ಲುಗಳು ಸವೆದು ದುಂಡಗಾಗಿವೆ. ಕಾಲರನ್ನು ಮೆಲ್ಲಗೆ ಮಡಚಿದ. ಲೈನಿಂಗ್ ಕೆಂಪು ಉಣ್ಣೆಯದು, ಅದರ ಮೇಲೆ ದರ್ಜಿಯ ಕೈಬರಹದಲ್ಲಿ ಹದಿನೇಳು ಎಂಬ ಸಂಖ್ಯೆ. ಮೂಸಿ ನೋಡಿದ, ಚಹಾದ ಸುಳಿವಿಲ್ಲ. ಮೋಸವಲ್ಲ, ಅಸಲಿ. ಜಿಪ್ಪಣ್ಣನಿಗೆ ಸಂತೋಷಕ್ಕೆ ಅಳುವೇ ಬಂತು.

ಏನು ಬೇಕಾದರೂ ಕೇಳಿ, ಇದನ್ನು ನನಗೆ ಕೊಡಿಸಿ ಎಂದು ಗೋಗರೆದ. ಜಾಕೆಟ್ಟಿನವರಿಗೆ ದುಡ್ಡು ಬೇಡವಂತೆ, ಅವರದು ಒಂದೇ ಷರತ್ತು ಎಂದಳು ಮನೆಯಾಕೆ. ಜಾಕೆಟ್ಟು ನೋಡಿಯೇ ತೊಟ್ಟವರ ಬಗ್ಗೆ ಎಲ್ಲ ಹೇಳಬಲ್ಲ ಎಂದು ಅವನಿಗೆ ಹೆಸರಿದೆಯಲ್ಲ, ಹೇಳಲಿ. ಎಲ್ಲ ಸರಿಯಿದ್ದರೆ ಜಾಕೆಟ್ಟು ಅವನದು. ಒಂದು ತಪ್ಪಿದರೂ ಇಲ್ಲ.

ಜಿಪ್ಪಣ್ಣನಿಗೆ ಇದು ನೀರು ಕುಡಿದಷ್ಟು ಸುಲಭ. ಮೊದಲ ಸವಾರ ಎಡಗೈಯವನು, ಸಿಗರೇಟು ಸೇದುತ್ತಿದ್ದವನು, ಜಲ್ಲಿಯ ರಸ್ತೆಯಲ್ಲಿ ಬಲಕ್ಕೆ ಬಿದ್ದು ಮೊಣಕೈ ತರಚಿಕೊಂಡವನು ಎಂದ. ಎಂದೋ ಸತ್ತುಹೋಗಿರಬೇಕಾದ ಅಪರಿಚಿತನ ಜಾತಕವನ್ನೇ ಬಿಚ್ಚಿಟ್ಟ.

ಈಗಿನವರ ಬಗ್ಗೆ ಹೇಳಿ, ಎಂದಳು ಆಕೆ.

ಜಿಪ್ಪಣ್ಣ ತೋಳಿನ ಮೇಲೆ ಬಗ್ಗಿದ. “ಹುಡುಗ. ಏಳೆಂಟು ತಿಂಗಳಿಂದ ದಿನಾ ಹಾಕ್ಕೊಳ್ತಿದಾನೆ. ಬೈಕ್ ಓಡಿಸೋದಿಲ್ಲ, ಗಾಳಿ ಬಡಿದ ಗುರುತೇ ಇಲ್ಲ. ಮನೇಲೇ ಹಾಕ್ಕೊಂಡು ಕೂರ್ತಾನೆ. ಮುಂದೋಳು ನೋಡಿ, ಮೇಜಿನ ಮೇಲೆ ಊರಿ ಊರಿ ಸವೆದಿದೆ. ಯಾರಿಗೋ ಕಾಯ್ತಾನೆ. ತೋಳಿನ ತುದಿ ಸೋಪುನೀರಿಗೆ ಬಿಳಿಚಿಕೊಂಡಿದೆ, ಪಾತ್ರೆ ತೊಳೆಯೋದೂ ಅವನೇ.” ಕಾಲರಿನ ಮಡಿಕೆಯ ಬಳಿ ಅವನ ಬೆರಳು ನಿಂತಿತು. “ಇದನ್ನ ಎಷ್ಟು ಸಲ ಎತ್ತಿ ಬಿಟ್ಟಿದಾನೋ. ಯಾರಾದ್ರೂ ನೋಡ್ಲಿ ಅಂತ ಹಾಗೆ ಮಾಡ್ತಾರೆ. ಯಾರೂ ನೋಡಿಲ್ಲ.”

ಅವನಿಗೆ ಅಯ್ಯೋ ಎನಿಸಿತು. ಜಾಕೆಟ್ಟಿನ ಒಳಗಿರುವವರ ಬಗ್ಗೆ ಹಾಗಾದದ್ದು ಅದೇ ಮೊದಲು.

“ಪಾಪ, ಆ ಮನೇಲಿ ತಲೆ ಎತ್ತಿ ನೋಡೋರೇ ಇಲ್ಲ ಮೇಡಂ. ಎಂಥ ಜನಾನೋ.”

ಮನೆಯಾಕೆ ಕಣ್ಣೊರೆಸಿಕೊಂಡಳು. ಜಾಕೆಟ್ಟು ಸ್ಟೂಲಿನ ಮೇಲೆಯೇ ಇತ್ತ ತಿರುಗಿ ಕೂತಿತು.

“ಒಂದು ತಪ್ಪಿದೆ, ಅಪ್ಪ. ನಾನು ಹುಡುಗ ಅಲ್ಲ. ಜಾಕೆಟ್ಟು ಸಿಗಲ್ಲ, ಬೇಕಂದ್ರೆ ಊಟದ ಹೊತ್ತಲ್ಲಿ ತಲೆ ಎತ್ತಿ ನೋಡ್ಕೋ, ಎಂಟು ತಿಂಗಳಿಂದ ನಿನ್ನ ಎದುರಿಗೇ ಕೂತ್ಕೊಳ್ತಿದೀನಿ.”